ಅತ್ತೆ ಅಗೆದು ನೋಡಿದ ಬಾಳೆ

ಗಾಜಿನ ಶೀಶೆಯಲ್ಲಿ ಬಾಳೆ ಸಸಿ ಬೆಳೆಸುತ್ತಾರೆ ಎಂದು ಎಪ್ಪತ್ತರ ದಶಕದಲ್ಲಿ ಯಾರಾದರೂ ಹೇಳಿದ್ದರೆ, ಯಲಿಯೂರು ಪಕ್ಕದ ನಮ್ಮೂರಿನವರು ನಕ್ಕುಬಿಡುತ್ತಿದ್ದರು. ಬಾಳೆ ಹಾಕಬೇಕೆಂದರೆ ನಂಟರ ತೋಟದಿಂದ ಕಂದು, ಅಂದರೆ ತಾಯಿಗಿಡದ ಬುಡದಲ್ಲಿ ಏಳುವ ಮರಿ, ಬರಬೇಕು. ಕಂದಿನ ಜೊತೆಗೆ ನಂಟರ ಮೇಲಿನ ಅನುಮಾನವೂ ಗಾಡಿಯೇರಿ ಬರುತ್ತಿತ್ತು.

ಆ ವರ್ಷ ನಮಗೆ ಏಲಕ್ಕಿ ಬಾಳೆಯ ಕಂದು ಕಳಿಸಿದವನು ನಿಡಘಟ್ಟದ ಕಡೆಯ ನನ್ನ ಸೋದರಮಾವ. ಕಂದಿನ ತಲೆ ಕತ್ತರಿಸಿ, ಹುಳ ಉಳಿಯಬಾರದೆಂದು ಗೆಡ್ಡೆಯ ಬೇರನ್ನೆಲ್ಲ ಕೆತ್ತಿದ್ದ. ನಮ್ಮ ಮನೆಯ ಯಜಮಾನಿಕೆ ಅಪ್ಪನ ಅಕ್ಕನದು; ಗಂಡ ತೀರಿಹೋದ ಮೇಲೆ ತವರಿಗೆ ಬಂದು ನಿಂತವಳು. ಈ ಅತ್ತೆ ಒಂದು ಗೆಡ್ಡೆ ಎತ್ತಿ ತಿರುಗಿಸಿ ನೋಡಿದಳು.

“ತಲೆನೂ ಇಲ್ಲ, ಬೇರೂ ಇಲ್ಲ. ನಮ್ ತೋಟ ಏಳಬಾರ್ದು ಅಂತ್ಲೇ ಕಳಿಸವ್ನೆ ನಿಮ್ಮಣ್ಣ. ಇವು ಚಿಗುರೋಗಂಟ ನೀನು ತವರಿನ ಕಡೆ ತಲೆ ಆಕ್ಬೇಡ ಕಣಮ್ಮ,” ಎಂದಳು ಅಮ್ಮನಿಗೆ.

ಮುಂದಿನ ತಿಂಗಳೇ ಮಾವನ ಮಗಳ ಮದುವೆ. ಅಪ್ಪ ಎಂದಿನಂತೆ ಎದ್ದು ಕೊಟ್ಟಿಗೆಯ ಕಡೆ ನಡೆದ. ಅಮ್ಮ ತೆಗೆದಿಟ್ಟಿದ್ದ ಸೀರೆಯನ್ನು ಮತ್ತೆ ಟ್ರಂಕಿಗೆ ಸೇರಿಸಿದಳು. ನನಗಂತೂ ಮೈಯೆಲ್ಲ ಉರಿದುಹೋಯಿತು.

ನೆಟ್ಟು ವಾರಗಳು ಕಳೆದರೂ ಮನೆ ಹತ್ತಿರದ ಸಾಲುಗಳಲ್ಲಿ ಒಂದು ಕಂದೂ ಚಿಗುರಲಿಲ್ಲ. ಬೆಳಗಾಗುತ್ತಲೇ ಅತ್ತೆ ಸಣ್ಣ ಗುದ್ದಲಿ ಹಿಡಿದು ತೋಟಕ್ಕೆ ಹೋಗುವುದನ್ನು ಕಂಡು, ಬುಡಕ್ಕೆ ಉಪ್ಪು ಸುರಿಯುತ್ತಿದ್ದಾಳೆ ಎಂದೇ ನಂಬಿದೆ. ಒಂದು ದಿನ ಹಿಂದೆಯೇ ಹೋದೆ. ಅವಳು ಕಂದು ಕಿತ್ತು, ಮಣ್ಣು ಒರೆಸಿ, ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ಹೂಳುತ್ತಿದ್ದಳು.

“ಏನ್ ಮಾಡ್ತಿದ್ದೀಯತ್ತೆ?”

“ಬೇರು ಬುಟ್ಟದಾ ಅಂತ ನೋಡ್ತಾ ಇವ್ನಿ ಕಣವ್ವ. ನಿಮ್ಮಪ್ಪ ಅಂತೂ ನೋಡಕಿಲ್ಲ. ನಾನು ದಿನಾ ನೋಡ್ತೀನಿ, ಒಂದ್ ಎಳೆನೂ ಬಂದಿಲ್ಲ!”

ದಿನವೂ ಕಿತ್ತರೆ ಬೇರು ಎಲ್ಲಿಂದ ಬಂದೀತು? ಓಡಿಬಂದು ಅಮ್ಮನಿಗೆ ಹೇಳಿದೆ. ಅಪ್ಪನ ಮುಂದೆಯೇ ಜಗಳ ತೆಗೆಯೋಣ ಎಂದೆ.

“ಸುಮ್ಕಿರು,” ಎಂದಳು ಅಮ್ಮ. ಅತ್ತೆಯ ಕೈ ಹಿಡಿದು, ಮೆಲ್ಲಗೆ, ಕಾಲುವೆ ಪಕ್ಕದ ಕೊನೆಯ ಸಾಲಿಗೆ ನಡೆಸಿಕೊಂಡು ಹೋದಳು. ಮಂಡಿನೋವಿನಿಂದಾಗಿ ಅತ್ತೆ ಅಷ್ಟು ದೂರ ಒಮ್ಮೆಯೂ ಹೋಗಿರಲಿಲ್ಲ. ಅಲ್ಲಿ ಪ್ರತಿ ಕಂದಿನಲ್ಲೂ ಎಳೆ ಎಲೆಯ ಸುರುಳಿ ಎದ್ದಿತ್ತು.

ಅತ್ತೆ ಬಗ್ಗಿ ಒಂದೊಂದೇ ಸುರುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಮದ್ವೆಗೆ ಓಗ್ಬಾ,” ಎಂದಳು ಕೊನೆಗೆ. “ಬರೋವಾಗ ಸತ್ತವುಕ್ಕೆ ಬದ್ಲು ಬೇರೆ ಕಂದು ಇಸ್ಕೊಂಡ್ ಬಾ. ಈ ಸಲ ಇನ್ನೂ ಉಸಾರಾಗಿ ನಾನೇ ನೋಡ್ಕತೀನಿ.”

ಅಮ್ಮ ಹೂಂ ಎಂದಳು. ಮದುವೆ ಮುಗಿಸಿಕೊಂಡು ಕಂದು ತಂದಳು. ಅಷ್ಟನ್ನೂ ಕಾಲುವೆಯ ಪಕ್ಕದಲ್ಲೇ ನೆಟ್ಟಳು.