ಕಾಕಾರ ಹೆಸರು ಬೀದರ್ ಅಲ್ಲ

ನಮ್ಮ ಕಾಕಾರ ಹಿಮ್ಮಡಿ ಒಡೆದಿರಲಿಲ್ಲ. ನಮ್ಮೂರು ಖಟಕ ಚಿಂಚೋಳಿಯಲ್ಲಿ ಅವರ ವಯಸ್ಸಿನವರ ಕಾಲು ನೋಡಿದರೆ ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟಿರುತ್ತಿತ್ತು. ಕಾಕಾರ ಅಂಗಾಲು ಮಾತ್ರ ನುಣುಪು. ಬೆರಳ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಹಸಿರು ಕಲೆ. ನಲವತ್ತು ವರ್ಷ ಅವರು ದಿನಾ ಬೆಳಿಗ್ಗೆ ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದಿದ್ದರು. ಹುಲ್ಲಿಗೆ ನೀರು ಬೇಕೋ ಬೇಡವೋ ಎಂಬುದನ್ನು ಅಂಗಾಲಿನಿಂದಲೇ ತಿಳಿಯುತ್ತಿದ್ದರು.

ಆ ಹುಲ್ಲು ನಮ್ಮೂರಿನದಲ್ಲ, ದೂರದ ಗುಡ್ಡದೂರೊಂದರ ಗಾಲ್ಫ್ ಮೈದಾನದ್ದು. ಮೈದಾನ ಒಂದೇ ಮನೆತನದ ಸ್ವತ್ತು. ಅಜ್ಜ ಶುರು ಮಾಡಿದ್ದು, ಮಗ ಬೆಳೆಸಿದ್ದು, ಈಗ ಮೊಮ್ಮಗ ಪಕ್ಕದಲ್ಲೇ ರೆಸಾರ್ಟ್ ಕಟ್ಟಿಕೊಂಡು ನಡೆಸುತ್ತಿರುವುದು. ಅಜ್ಜನ ಕಾಲದಲ್ಲಿ ಹುಲ್ಲು ಕತ್ತರಿಸುವ ಯಂತ್ರವಿರಲಿಲ್ಲ, ಕುರಿ ಬಿಟ್ಟು ಮೇಯಿಸುತ್ತಿದ್ದರು. ಬಂಡೆ ಒಡೆಯಲು ಭಾಲ್ಕಿ ಕಡೆಯಿಂದ ಹೋಗಿದ್ದ ಗುಂಪಿನಲ್ಲಿ ಕುರಿ ಬಲ್ಲವರು ಯಾರಿದ್ದೀರಿ ಎಂದು ಆ ಯಜಮಾನ ಕೇಳಿದಾಗ ಅಪ್ಪನ ಈ ತಮ್ಮ ಮುಂದೆ ಬಂದರು. ಯಾವೂರು ಎಂದರೆ, ಖಟಕ ಚಿಂಚೋಳಿ ಇಲ್ಲಿ ಯಾರಿಗೆ ಗೊತ್ತು ಅಂದುಕೊಂಡು ಬೀದರ್ ಎಂದರು. ಅಂದಿನಿಂದ ಆ ಮನೆಯವರು ಅವರನ್ನು ಕರೆದದ್ದು 'ಬೀದರ್' ಎಂದೇ. ಮೂರು ತಲೆಮಾರು ಕಳೆದರೂ ಒಬ್ಬರಿಗೂ ಇನ್ನೊಂದು ಪ್ರಶ್ನೆ ಕೇಳಲು ಪುರುಸೊತ್ತಾಗಲಿಲ್ಲ.

ಕುರಿಯನ್ನು ಅದರ ಪಾಡಿಗೆ ಬಿಟ್ಟರೆ ರುಚಿ ಕಂಡ ಕಡೆ ಬುಡದವರೆಗೆ ಮೇಯುತ್ತದೆ, ಉಳಿದದ್ದನ್ನು ಮೂಸಿಯೂ ನೋಡುವುದಿಲ್ಲ. ಕಾಕಾ ಹಿಂಡನ್ನು ಸಾಲುಸಾಲಾಗಿ ನಡೆಸಿ ಇಡೀ ಇಳಿಜಾರನ್ನು ಒಂದೇ ಮಟ್ಟಕ್ಕೆ ಮೇಯಿಸುತ್ತಿದ್ದರಂತೆ. ಯಂತ್ರ ಬಂತು, ಕುರಿ ಹೋದವು, ಕಾಕಾ ಮಾಲಿಯಾದರು. ಯಾರ ಮುಲಾಜೂ ಇಟ್ಟುಕೊಂಡವರಲ್ಲ. ಒಮ್ಮೆ ಮೊಮ್ಮಗ ಯಜಮಾನ ಅತಿಥಿಗಳನ್ನು ಕಟ್ಟಿಕೊಂಡು ಒದ್ದೆ ಹುಲ್ಲಿನ ಮೇಲೆ ಬೂಟುಗಾಲಲ್ಲಿ ಬಂದಾಗ ಎಲ್ಲರೆದುರೇ ತಡೆದು ನಿಲ್ಲಿಸಿದ್ದರು. "ಬೂಟ ಬಿಚ್ಚಿ ಬರ್ರಿ, ಇಲ್ಲಂದ್ರ ಸುತ್ತು ಹಾಕಿ ಹೋಗ್ರಿ ಅಂದೆ," ಎಂದು ಊರಿಗೆ ಬಂದಾಗ ಹೇಳಿದ್ದರು. ಅವನು ಸುತ್ತು ಹಾಕಿಕೊಂಡೇ ಹೋದನಂತೆ.

ನಾನಿವತ್ತು ಭಾಲ್ಕಿಯಲ್ಲಿ ಟೀಚರ್ ಆಗಿರುವುದು ಕಾಕಾರಿಂದ. ನಾಲ್ಕನೇ ಇಯತ್ತೆ ಮುಗಿದ ಮೇಲೆ ಅಪ್ಪ ನನ್ನನ್ನು ಶಾಲೆ ಬಿಡಿಸಲು ಹೊರಟಾಗ ರಜೆಗೆ ಬಂದಿದ್ದ ಕಾಕಾ ಅಡ್ಡ ನಿಂತರು. "ಆಕೀಗಿ ಸಾಲಿ ಬಿಡಿಸಿದ್ರ ನನ್ನ ಕಾಗದ ಯಾರ ಓದ್ತಾರ?" ಎಂದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅಲ್ಲಿ ಯಾರಿಂದಲೋ ಬರೆಸಿ ಕಳಿಸಿದ ಕಾಗದವನ್ನು ಇಲ್ಲಿ ಕಾಕಿಗೆ ಓದಿ ಹೇಳುವುದು ನನ್ನ ಕೆಲಸ. ಒಂದಕ್ಷರ ಬಿಡಬಾರದು, ಒಂದಕ್ಷರ ಸೇರಿಸಬಾರದು ಎಂಬುದು ಅವರ ಕಟ್ಟಪ್ಪಣೆ.

ಕೆಲವು ವರ್ಷಗಳ ಹಿಂದೆ ಆ ಮನೆತನ ಮೈದಾನದ ಇತಿಹಾಸ ಬರೆಸಿ ಫಲಕ ಹಾಕಿಸಿತು. ಕೆಲಸ ಬಿಟ್ಟು ಊರಿಗೆ ಬಂದಿದ್ದ ಕಾಕಾರನ್ನೂ ಕರೆದರು. ನಿಮ್ಮ ಹೆಸರೂ ಹಾಕಿಸಿದ್ದೇವೆ ಎಂದು ಫೋನಿನಲ್ಲಿ ಹೇಳಿದರು. ಕಾಕಾ ತಲೆಗೆ ಹೊಸ ಪಟಕಾ ಸುತ್ತಿಕೊಂಡು ನನ್ನನ್ನು ಜೊತೆಗೆ ಕರೆದೊಯ್ದರು. ತಂದೆಯ ಹೆಸರೂ ಸೇರಿಸಿರಬಹುದೇ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರು.

ಫಲಕ ಇಂಗ್ಲಿಷಿನಲ್ಲಿತ್ತು. ಅಜ್ಜನ ದೂರದೃಷ್ಟಿ, ಮಗನ ಸಾಹಸ, ಮೊಮ್ಮಗನ ಕನಸು ಎಲ್ಲವೂ ಇದ್ದವು. ಅವರ ನಾಯಿಯ ಹೆಸರು ಕೂಡ ತಪ್ಪಿಲ್ಲದೆ ಇತ್ತು. ಕೊನೆಯ ಸಾಲಿನಲ್ಲಿ, ನಮ್ಮ ಮೊದಲ ಮಾಲಿ 'ಮಿಸ್ಟರ್ ಬೀದರ್'. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಬರ್ದಾರ, ಓದವ್ವಾ," ಎಂದರು ಕಾಕಾ.

ನಾನು ಅವರ ಪೂರ್ತಿ ಹೆಸರು, ತಂದೆಯ ಹೆಸರು, ಊರು ಎಲ್ಲ ಸೇರಿಸಿ ಓದಿಬಿಟ್ಟೆ. ಕಾಕಾ ಸ್ವಲ್ಪ ಹೊತ್ತು ಫಲಕವನ್ನು ನೋಡಿದರು. ಆಮೇಲೆ ಕೈಮುಗಿದು, "ಛಲೋ ಬರ್ದಾರ," ಎಂದರು.

ಊರಿಗೆ ಬಂದು ಆ ಮನೆತನಕ್ಕೆ ಪತ್ರದ ಮೇಲೆ ಪತ್ರ ಬರೆದೆ. ಮೈದಾನದ ಹಳೆಯ ಸದಸ್ಯರೆಲ್ಲ ಅವರನ್ನು ಪ್ರೀತಿಯಿಂದ ಬೀದರ್ ಎಂದೇ ನೆನೆಯುತ್ತಾರೆ, ಹಾಗೇ ಇರಲಿ ಎಂದು ಉತ್ತರ ಬಂತು. ಪ್ರೀತಿಯಂತೆ. ಅಷ್ಟು ಪ್ರೀತಿಯಿದ್ದವರಿಗೆ ಹೆಸರೇನು ಎಂದು ಕೇಳಲು ಏನು ಧಾಡಿಯಾಗಿತ್ತು? ಕಾಕಾರ ನಿಜವಾದ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅದು ಇರಬೇಕಾದ ಜಾಗ ಆ ಫಲಕ. ಅಲ್ಲಿ ಬಾರದೆ ಇನ್ನೆಲ್ಲಿ ಬಂದರೂ ನನಗೆ ಸಮಾಧಾನವಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಮೈದಾನದಿಂದ ಸಂತಾಪದ ಪತ್ರ ಬಂತು. ಕಾಕಿ ಓದು ಎಂದರು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿದೆ: ಬೀದರ್ ಇನ್ನಿಲ್ಲವೆಂದು ತಿಳಿದು ದುಃಖವಾಯಿತು ಎಂದಿತ್ತು. ಓದಿ ಮುಗಿಸಿ, ಫಲಕದ ಮುಂದೆ ನಾನು ಹೇಳಿದ ಸುಳ್ಳನ್ನೂ ಕಾಕಿಗೆ ಹೇಳಿ ಅತ್ತೆ.

ಕಾಕಿ ಅಳಲಿಲ್ಲ. "ಅವ್ರಿಗಿ ಗೊತ್ತಿತ್ತವ್ವಾ," ಎಂದರು. "ಬ್ಯಾರೆ ಅಕ್ಷರ ಬರ್ತಿದ್ದಿಲ್ಲ ಖರೆ. ಸ್ಟೇಷನ್ ಬೋರ್ಡ್ ನೋಡಿ ನೋಡಿ ಇಂಗ್ಲಿಷಿನ್ಯಾಗ ಬೀದರ ಅನ್ನೋದೊಂದು ಗುರ್ತ ಸಿಗ್ತಿತ್ತು. ಹುಡುಗಿ ನನ್ನ ಸಲುವಾಗಿ ಸುಳ್ಳ ಓದ್ಯಾಳ, ಆಕೀಗಿ ಏನೂ ಕೇಳಬ್ಯಾಡ ಅಂದಿದ್ರು."

ಆ ಮನೆತನದ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಈಗ ನನ್ನ ಮೇಲೆ ನನಗೆ ಅದಕ್ಕಿಂತ ಹೆಚ್ಚು ಸಿಟ್ಟು. ಅಂದು ಇದ್ದದ್ದನ್ನು ಇದ್ದ ಹಾಗೆ ಓದಿದ್ದರೆ ಕಾಕಾ ಸುಮ್ಮನೆ ಬರುವ ಮನುಷ್ಯರಲ್ಲ. ಅವರೆಲ್ಲರ ಎದುರು ನಿಂತು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ನಾನು ಸುಳ್ಳು ಓದಿದ ಮೇಲೆ ಅವರು ಹೇಳಿದ್ದರೆ ಅದು ಬಯಲಾಗುತ್ತಿತ್ತು. ಅದಕ್ಕೇ ಹೇಳಲಿಲ್ಲ.