ಹಂಬಲದ ದೇವರಿಗೆ ಅರಿಶಿನ

ದೇವರುಗಳು ಎಷ್ಟೇ ಶಕ್ತರಾಗಿರಲಿ, ತಮ್ಮ ಅಧಿಕಾರವ್ಯಾಪ್ತಿಯನ್ನು ಮೀರಿ ವರ ಕೊಡಲಾರರು ಎಂಬುದು ಗಹನವಾದ ತತ್ತ್ವ. ಇದು ನನಗೆ ಹೊಳೆದದ್ದು ಧ್ಯಾನದಲ್ಲಲ್ಲ, ಕಾರ್ಲ್ಸ್‌ರುಹೆಯ ಬಾಡಿಗೆಮನೆಯೊಂದರ ಮೆಟ್ಟಿಲು ಒರೆಸುವಾಗ.

ಕಂಪ್ಯೂಟರ್ ಇಂಜಿನಿಯರುಗಳಿಗೆಂದು ಆಗ ಜರ್ಮನಿಯೂ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಕೃಪೆಯಿಂದ ಆ ದೇಶವನ್ನು ಉದ್ಧರಿಸಲು ಬಂದಿದ್ದ ನಾವಿಬ್ಬರು, ಎಂದರೆ ನಾನೂ ಮೈಸೂರಿನ ಶ್ರೀಧರನೂ, ಒಂದೇ ಮನೆಯಲ್ಲಿದ್ದೆವು. ಆ ಕಟ್ಟಡದಲ್ಲಿ ಪ್ರತಿ ಮನೆಯವರೂ ಸರದಿಯ ಮೇಲೆ ಮೆಟ್ಟಿಲು ಒರೆಸಬೇಕು. ಆ ಸರದಿಯ ವಾರಕ್ಕೆ ಕೇರ್‌ವೋಖೆ ಎಂದು ಹೆಸರು. ಆಫೀಸಿನ ತಪ್ಪಿಗೆ ಕ್ಷಮೆಯುಂಟು, ಕೇರ್‌ವೋಖೆಯ ತಪ್ಪಿಗಿಲ್ಲ. ಮೆಟ್ಟಿಲ ತಿರುವಿನ ಗೂಡಿನಲ್ಲಿ ರೆಕ್ಕೆಯುಳ್ಳ ಹುಡುಗನ ವಿಗ್ರಹವೊಂದಿತ್ತು. ಮನೆಯೊಡತಿ ಫ್ರಾವ್ ಲೆಂಬೆಕ್, ಗ್ರೀಕ್ ಕಲಿಸಿ ನಿವೃತ್ತರಾದ ಮೇಡಂ, ಪ್ರತಿ ವಸಂತದಲ್ಲೂ ಅದಕ್ಕೆ ಸ್ವಹಸ್ತದಿಂದ ಸುಣ್ಣ ಬಳಿಯುತ್ತಿದ್ದರು.

ಶ್ರೀಧರನಿಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಜಾನಕಿ ಮೈಸೂರಿನಲ್ಲಿದ್ದಳು. ಅವಳಿಗೆ ಇಲ್ಲಿ ಜಾಗವುಂಟೆಂದು ಫ್ರಾವ್ ಲೆಂಬೆಕ್ ಒಪ್ಪಿದರೆ ಮಾತ್ರ ಅವಳಿಗೆ ವೀಸಾ. ಕಾವ್ಯಗಳಲ್ಲಿ ವಿರಹಿಗಳು ಕೃಶರಾಗುತ್ತಾರೆ. ನಮ್ಮವನು ದುಪ್ಪಟ್ಟು ಉಣ್ಣತೊಡಗಿದ. ಅಡುಗೆ ನನ್ನದಾದ್ದರಿಂದ ಆ ವಿರಹದ ಶ್ರಮವೆಲ್ಲ ನನ್ನ ಪಾಲಿಗೇ ಬಂತು.

ಒಂದು ಶುಕ್ರವಾರ ನನ್ನೊಡನೆ ಮೆಟ್ಟಿಲು ಒರೆಸಿ ನಿಂತ ಶ್ರೀಧರ ವಿಗ್ರಹವನ್ನು ದಿಟ್ಟಿಸಿ, "ಗುರು, ಇವ್ನು ಇವರ ಮನ್ಮಥ. ರೆಕ್ಕೆ ನೋಡು," ಎಂದ.

"ಬಿಲ್ಲೆಲ್ಲೋ?" ಎಂದೆ.

"ಕೇರ್‌ವೋಖೆ ಅಲ್ವಾ, ಒಳಗಿಟ್ಟಿರ್ತಾನೆ."

ಒರೆಸಿದ ನೆಲ, ಶುಕ್ರವಾರ, ಎದುರಿಗೊಬ್ಬ ದೇವರು; ನಮ್ಮ ಕಡೆಯವರ ಕೈ ಸುಮ್ಮನಿರುವುದುಂಟೆ, ನೀವೇ ಹೇಳಿ. ಅರಿಶಿನ ಕಲಸಿ ತಂದು ಹಣೆಗೂ ಕೆನ್ನೆಗಳಿಗೂ ಹಚ್ಚಿ, ಜಾನಕಿಯನ್ನು ಬೇಗ ಕಳಿಸೆಂದು ಕೈಮುಗಿದ. ಸುಣ್ಣವೋ ಹಿಂದಿನ ದಿನವಷ್ಟೇ ಬಳಿದದ್ದು. ಸುಣ್ಣಕ್ಕೆ ಅರಿಶಿನ ಸೋಕಿದರೆ ಏನಾಗುತ್ತದೆಂದು ಆರತಿಯ ಓಕುಳಿ ಕದಡಿದ ಯಾರಾದರೂ ಹೇಳಿಯಾರು. ಇಬ್ಬರು ಇಂಜಿನಿಯರುಗಳಿಗೆ ಹೊಳೆಯಲಿಲ್ಲ. ನೋಡನೋಡುತ್ತಲೇ ದೇವರು ಕೆಂಪಾದ. ಒದ್ದೆ ಬಟ್ಟೆಯಲ್ಲಿ ಉಜ್ಜಿದೆವು. ಕೆಂಪು ಕುತ್ತಿಗೆಗೂ ಇಳಿಯಿತು.

"ಮುಗೀತು. ಜಾನಕಿ ಬಂದ ಹಾಗೇ," ಎಂದು ಶ್ರೀಧರ ಮೆಟ್ಟಿಲ ಮೇಲೆ ಕುಸಿದ. ಅಷ್ಟರಲ್ಲಿ ಫ್ರಾವ್ ಲೆಂಬೆಕ್ ಮೇಲೆ ಬಂದರು. ತನಗೆ ಬರುವ ಜರ್ಮನ್ನಿನಲ್ಲಿ ಅವನು ಹೆಂಡತಿ, ಶುಕ್ರವಾರ, ಮನ್ಮಥ ಎಲ್ಲವನ್ನೂ ನಿವೇದಿಸಿಕೊಂಡ.

ಆಕೆ ಕನ್ನಡಕ ಏರಿಸಿಕೊಂಡರು. "ಹೆರ್ ಶ್ರೀಧರ, ಇವನು ನಿಮ್ಮ ಮನ್ಮಥನಂಥ ಎರೋಸ್ ಅಲ್ಲ. ಅವನ ತಮ್ಮ ಪೋಥೋಸ್. ದೂರವಿರುವವರಿಗಾಗಿ ಹಂಬಲ ಹುಟ್ಟಿಸುವುದಷ್ಟೇ ಇವನ ಕೆಲಸ. ಕರೆತರುವುದು ಇವನ ಖಾತೆಯಲ್ಲ."

ಹಂಬಲ ತೀರಿಸೆಂದು ಹಂಬಲದ ದೇವರನ್ನೇ ಬೇಡುವುದು ನೆಗಡಿ ಬಿಡಿಸೆಂದು ನೆಗಡಿಗೇ ಕೈಮುಗಿದಂತೆ. ಭಕ್ತರ ಇಷ್ಟಾರ್ಥವನ್ನು ಸಲ್ಲಿಸುತ್ತ ಹೋದರೆ ಆ ಬಡಪಾಯಿಗೆ ಉದ್ಯೋಗವೇ ಉಳಿಯದು.

ಆಕೆ ಕೆಂಪು ಕೆನ್ನೆಗಳನ್ನೇ ನೋಡುತ್ತ ನಿಂತರು. "ಜೀವಮಾನವೆಲ್ಲ ಇವನ ಬಗ್ಗೆ ಪಾಠ ಮಾಡಿದೆ. ನಾಚಿಕೊಂಡದ್ದನ್ನು ಈಗ ಕಂಡೆ. ನಾಳೆ ನೀವೇ ಸುಣ್ಣ ಬಳಿಯಿರಿ. ಹೆಂಡತಿ ಬರಲಿ."

ಶ್ರೀಧರನ ಮುಖ ದೇವರನ್ನೂ ಮೀರಿಸಿ ಕೆಂಪಾಯಿತು. ಆಕೆ ನನ್ನತ್ತ ತಿರುಗಿ, ಬಹಳ ಮರ್ಯಾದೆಯಿಂದ, "ಆದರೆ ಈ ಮನೆ ಇಬ್ಬರಿಗೆ ಮಾತ್ರ," ಎಂದರು.

ನನ್ನ ತತ್ತ್ವಚಿಂತನೆ ಆ ದಿಕ್ಕಿಗೆ ಹರಿದಿರಲಿಲ್ಲ. ಊರಿನ ಇನ್ನೊಂದು ತುದಿಯ ಒಂಟಿ ಕೋಣೆಯಲ್ಲಿ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಅನ್ನಕ್ಕಿಟ್ಟು, ಪಾತ್ರೆಯ ಮುಂದೆ ಸುಮ್ಮನೆ ನಿಂತ ಸಂಜೆ, ಪೋಥೋಸನ ಕಾರ್ಯದಕ್ಷತೆಯಲ್ಲಿ ನನಗೆ ಪೂರ್ಣ ನಂಬಿಕೆ ಬಂತು.

ಜಾನಕಿ ಬಂದಳು. ಮುಂದಿನ ಕೇರ್‌ವೋಖೆಯಲ್ಲಿ ಆ ಮೆಟ್ಟಿಲನ್ನು ಅವರಿಬ್ಬರೂ ಒರೆಸಿದರು.