ಮುರಳೀಧರರ ಏಕಾದಶಿ ಪ್ರೋಗ್ರಾಂ

ಚೆನ್ನೈನ ಮಾಧವರಂನಲ್ಲಿದ್ದ ಖಾಸಗಿ ಡೈರಿಯೊಂದರ ಪ್ರಯೋಗಾಲಯದಲ್ಲಿ ಮುರಳೀಧರರ ಕೆಲಸ ಹಾಲಿನ ಕೊಬ್ಬು ಅಳೆಯುವುದು. ಗಾಜಿನ ನಳಿಗೆಗೆ ಆಮ್ಲ ಹಾಕಿ, ಅದರ ಮೇಲೆ ಹಾಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿ, ಮೇಲೆ ಬಂದು ನಿಂತ ಹಳದಿ ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ನಳಿಗೆ ಸ್ವಲ್ಪ ಓರೆಯಾದರೂ ಅಂಕಿ ತಪ್ಪುತ್ತದೆ. ಬಿ.ಎಸ್ಸಿ. ಮುಗಿಸಿ ಸೇರಿದಂದಿನಿಂದ ಅವರು ಅದನ್ನೇ ಮಾಡಿಕೊಂಡು ಬಂದಿದ್ದರು.

1999ರ ಕೊನೆಯಲ್ಲಿ, ಹಾಲನ್ನು ತಾನೇ ಹೀರಿಕೊಂಡು ಅಂಕಿ ತೋರಿಸುವ ಯಂತ್ರವೊಂದು ಡೈರಿಗೆ ಬಂತು. ಪ್ರಯೋಗಾಲಯದವರಲ್ಲಿ ಒಬ್ಬರನ್ನು ಹೊಸ ಕಂಪ್ಯೂಟರ್ ವಿಭಾಗಕ್ಕೆ ಹಾಕಿಕೊಳ್ಳುತ್ತೇವೆ, ಮಿಕ್ಕವರು ಸ್ವಯಂ ನಿವೃತ್ತಿ ತೆಗೆದುಕೊಳ್ಳಬೇಕು ಎಂದು ಆಡಳಿತದವರು ಹೇಳಿದರು. ಆ ಒಬ್ಬರು ಯಾರೆಂದು ಮುಂದಿನ ವರ್ಷದ ಆಗಸ್ಟ್‌ನಲ್ಲಿ ತಿಳಿಸಬೇಕಾದವರು ಆಡಳಿತಾಧಿಕಾರಿ ಕಿಟ್ಟಣ್ಣ. ಮುರಳೀಧರರಿಗೆ ಆಗ ನಲವತ್ತೇಳು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು ಮತ್ತು ತಾಯಿ ಗೋದಾಬಾಯಿ ಇಬ್ಬರೇ. ಆ ಒಂದು ಜಾಗ ಸಿಗದಿದ್ದರೆ ಆ ವಯಸ್ಸಿನಲ್ಲಿ ಕೊಬ್ಬು ಅಳೆಯುವವನನ್ನು ಬೇರೆ ಯಾರೂ ಕರೆಯುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ಪೆರಂಬೂರಿನಲ್ಲಿ ಪಾತ್ರೆ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ಕೇಂದ್ರಕ್ಕೆ ಸೇರಿದರು. ಜೊತೆಯವರೆಲ್ಲ ಕಾಲೇಜಿನ ಮಕ್ಕಳು. ಕಲಿಸುವ ಅಕ್ಷಯಾ ಕೂಡ ಆಗಷ್ಟೇ ಕಾಲೇಜು ಮುಗಿಸಿದವಳು. ಇವರ ಹಾಗೆಯೇ ಮದರಾಸಿನಲ್ಲಿ ಬೇರು ಬಿಟ್ಟ ಮಾಧ್ವರ ಮನೆಯ ಹುಡುಗಿ. ತರಗತಿಗೆಲ್ಲ ತಮಿಳಿನಲ್ಲಿ ಹೇಳಿ, ಇವರ ಹತ್ತಿರ ಬಂದಾಗ ಕನ್ನಡಕ್ಕೆ ತಿರುಗುತ್ತಿದ್ದಳು. ಅವಳು ಸಿದ್ಧಾಂತದಿಂದ ಶುರುಮಾಡಲಿಲ್ಲ. ಎಲ್ಲವೂ ಸಣ್ಣ ಸಣ್ಣ ಆಟಿಕೆ: ದಾಳ ಉರುಳಿಸುವುದು, ಪರದೆಯ ಮೇಲೆ ನಕ್ಷತ್ರಗಳ ಗೋಪುರ ಕಟ್ಟುವುದು, ಕಂಪ್ಯೂಟರ್ ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ಊಹಿಸುವುದು.

ಮುರಳೀಧರರ ಊಹೆಯ ಆಟ ಮೊದಲ ದಿನ "ತಪ್ಪು, ತಪ್ಪು" ಎಂದು ಪರದೆ ತುಂಬ ಬರೆಯುತ್ತ ಹೋಯಿತು.

"ಮಾಮಾ, ನೀವು ಅದಕ್ಕೆ ನಿಲ್ಲು ಅಂತ ಹೇಳೇ ಇಲ್ಲ. ಪಾಪ, ಅದೇನ್ ಮಾಡತ್ತೆ?"

"ಮನುಷ್ಯ ಆಗಿದ್ರೆ ಸುಸ್ತಾಗಿ ತಾನೇ ನಿಂತುಬಿಡ್ತಿದ್ದನಮ್ಮ."

"ಇದು ಶುದ್ಧ ಅಸಡು ಮಾಮಾ. ಹೇಳಿದ್ದು ಮಾಡತ್ತೆ, ಹೇಳದೇ ಇದ್ದದ್ದು ಮಾಡಲ್ಲ."

ಅಸಡು ಎಂದರೆ ಪೆದ್ದು. ಹಿಂದಿನ ಬೆಂಚಿನ ಹುಡುಗರು ಆ ಮಾತು ಮಾಮನಿಗೋ ಕಂಪ್ಯೂಟರಿಗೋ ಎಂದು ನಕ್ಕರು. ಮುರಳೀಧರರೂ ನಕ್ಕರು. ಮಾರನೆಯ ವಾರ ಅವರ ಆಟ ನಿಲ್ಲಬೇಕಾದಲ್ಲಿ ನಿಂತಿತು.

"ಈಗ ನಿಮ್ಮನೇಲಿ ಉಪಯೋಗಕ್ಕೆ ಬರೋ ಆಟಿಕೆ ಒಂದು ಮಾಡ್ಕೊಂಡು ಬನ್ನಿ" ಎಂದಳು ಅಕ್ಷಯಾ.

ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಏಳುತ್ತಿದ್ದ ಪ್ರಶ್ನೆ ಒಂದೇ: ಏಕಾದಶಿ ಯಾವತ್ತು? ಗೋದಾಬಾಯಿಯವರು ಮದುವೆಯಾಗಿ ಬಂದಂದಿನಿಂದ ಆ ದಿನ ನೀರೂ ಮುಟ್ಟಿದವರಲ್ಲ. ತಂದೆ ಇದ್ದಾಗ ಪಂಚಾಂಗ ನೋಡಿ ಅವರೇ ಹೇಳುತ್ತಿದ್ದರು. ಆ ವರ್ಷ ಮಠದ ಪಂಚಾಂಗ ಯುಗಾದಿ ಕಳೆದರೂ ಅಂಚೆಯಲ್ಲಿ ಬಂದಿರಲಿಲ್ಲ. ಗೋಡೆಯ ತಮಿಳು ಕ್ಯಾಲೆಂಡರಿನಲ್ಲಿ ತಿಥಿ ಮುಗಿಯುವ ಹೊತ್ತು ಇರುತ್ತದೆ. ಆದರೆ ಅದರಲ್ಲಿ ಗುರುತು ಮಾಡಿದ ಏಕಾದಶಿ ಮಾಧ್ವರಿಗೆ ಎಲ್ಲ ಸಲವೂ ಹೊಂದುವುದಿಲ್ಲ. ಸೂರ್ಯೋದಯಕ್ಕೆ ನಾಲ್ಕು ಗಳಿಗೆ, ಅಂದರೆ ಒಂದೂವರೆ ಗಂಟೆಗೆ ಚೂರು ಹೆಚ್ಚು, ಮೊದಲಿನ ಸಮಯ ಅರುಣೋದಯ. ಆ ಹೊತ್ತಿಗೂ ಹಿಂದಿನ ತಿಥಿಯಾದ ದಶಮಿ ಉಳಿದುಕೊಂಡಿದ್ದರೆ ಅಂದು ಉಪವಾಸವಿಲ್ಲ, ಮಾರನೆಯ ದಿನ.

ನಿಯಮ ಇಷ್ಟು ಸ್ಪಷ್ಟವಿದ್ದರೆ ಯಂತ್ರಕ್ಕೆ ಹೇಳಬಹುದು. ಮುರಳೀಧರರು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹಾಗೆಯೇ ಬರೆದರು. ತಿಥಿ ಮುಗಿಯುವ ಹೊತ್ತು ಕೊಟ್ಟರೆ ಉಪವಾಸದ ದಿನ ಹೇಳುವ ಪ್ರೋಗ್ರಾಂ. ತಂದೆ ಇಟ್ಟಿದ್ದ ಎರಡು ವರ್ಷದ ಹಳೆಯ ಪಂಚಾಂಗಗಳನ್ನು ತೆಗೆದು ಪರೀಕ್ಷಿಸಿದರು. ಒಂದೂ ತಪ್ಪಲಿಲ್ಲ.

ಆ ವರ್ಷದ್ದನ್ನು ಅಚ್ಚು ಹಾಕಿ ಡೈರಿಗೆ ಒಯ್ದು ಕಿಟ್ಟಣ್ಣನವರಿಗೆ ತೋರಿಸಿದರು. ಅವರೂ ಮಾಧ್ವರು, ಅವರ ಮನೆಗೂ ಪಂಚಾಂಗ ಬಂದಿರಲಿಲ್ಲ.

"ಭೇಷ್ ಡಾ ಮುರಳೀ! ನಿನ್ನ ಕಂಪ್ಯೂಟರ್ ಮಡಿ ಉಟ್ಕೊಂಡು ಹೇಳ್ತೋ, ಇಲ್ಲ ಹಾಗೇನಾ?"

"ಏಸಿ ರೂಮಲ್ಲೇ ಇರತ್ತೆ ಸಾರ್, ಬೆವರಿನ ಮೈಲಿಗೆ ಇಲ್ಲ."

ಕಿಟ್ಟಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಳೆಯನ್ನು ತಮ್ಮ ದೇವರ ಮನೆಯ ಬಾಗಿಲಿಗೆ ಅಂಟಿಸಿದರು, ತಿರುವಲ್ಲಿಕ್ಕೇಣಿಯ ನೆಂಟರಿಗೂ ಪ್ರತಿ ಕೊಟ್ಟರು. "ಆಗಸ್ಟಲ್ಲಿ ಬೇರೆ ಹೆಸರು ಯಾಕೆ ಹುಡುಕಲಿ" ಎಂದರು. ಆ ಸಂಜೆ ಗೋದಾಬಾಯಿಯವರು ಮಗನಿಗೆ ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡಿಕೊಟ್ಟರು.

ಜೂನ್‌ನ ಮೊದಲ ಏಕಾದಶಿಗೆ ಹಾಳೆ ಹೇಳಿದ ದಿನವೇ ಉಪವಾಸವಾಯಿತು. ಕತ್ತರಿ ಎಂದು ಅಲ್ಲಿಯವರು ಕರೆಯುವ ಮೇ ತಿಂಗಳ ಬಿಸಿಲಿನ ಉರಿ ಇನ್ನೂ ಇಳಿದಿರಲಿಲ್ಲ. ಗೋದಾಬಾಯಿಯವರು ಒದ್ದೆ ಸೆರಗು ಹೊದ್ದು ನೆಲದ ಮೇಲೆ ಮಲಗಿ ದಿನ ಕಳೆದರು. ಮಾರನೆಯ ಬೆಳಿಗ್ಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ ಮಾಡಿ ಬೇಗ ಉಂಡು ಪಾರಣೆ ಮುಗಿಸಿ, ಮಠಕ್ಕೆ ಹೋಗಿ ಬರುತ್ತೇನೆಂದು ಹೊರಟರು. ಹೋದಷ್ಟೇ ಬೇಗ ವಾಪಸು ಬಂದರು.

"ಮಠದಲ್ಲಿ ಒಲೆ ಹಚ್ಚಿಲ್ಲ ಕಣೋ."

"ಯಾಕಮ್ಮಾ?"

"ಏಕಾದಶಿಯಂತೆ. ಇವತ್ತು." ಅವರು ಬಾಗಿಲ ಹತ್ತಿರವೇ ಕುಳಿತರು. "ಆಚಾರ್ ಕೇಳಿದ್ರು, ಗೋದಾಬಾಯಿ, ಈ ಬಿಸಿಲಲ್ಲಿ ಉಪವಾಸ ಇದ್ಕೊಂಡು ಯಾಕೆ ಬಂದ್ರಿ ಅಂತ. ನಾನು ಬಾಯಿ ಬಿಡಲಿಲ್ಲ. ಹಲ್ಲಲ್ಲಿ ಇನ್ನೂ ಸೊಪ್ಪು ಸಿಕ್ಕೊಂಡಿತ್ತು."

"ಗೊತ್ತಿಲ್ಲದೆ ಆಗಿದ್ದು. ದೋಷ ಬರಲ್ಲಮ್ಮಾ."

"ನಿಂಗೆ ಯಾರು ಹೇಳಿದ್ರು? ಅದಾ?"

ಉಳಿದ ಹೊತ್ತಿಗಾದರೂ ಉಪವಾಸ ಇರಲಿ ಎಂದು ಅವರು ಅಂದು ಮತ್ತೆ ನೀರು ಮುಟ್ಟಲಿಲ್ಲ. ಮುರಳೀಧರರು ಲೋಟ ಹಿಡಿದುಕೊಂಡು ಎರಡು ಸಲ ಹತ್ತಿರ ಹೋಗಿ ಬಂದರು.

ತಪ್ಪು ಹುಡುಕುವುದು ಕಷ್ಟವಾಗಲಿಲ್ಲ. ಪ್ರೋಗ್ರಾಂನಲ್ಲಿ ಅವರು ಸೂರ್ಯೋದಯ ಆರು ಗಂಟೆಗೆ ಎಂದು ಬರೆದಿದ್ದರು. ಅದನ್ನು ಯೋಚಿಸಿ ಬರೆದದ್ದಲ್ಲ. ಇಪ್ಪತ್ತೈದು ವರ್ಷ ಡೈರಿಯ ಸೈರನ್ ಆರಕ್ಕೆ ಕೂಗಿ ಬೆಳಗಾಗಿತ್ತು, ಕೈ ಬರೆದುಬಿಟ್ಟಿತ್ತು. ಚೆನ್ನೈನಲ್ಲಿ ಜೂನ್ ತಿಂಗಳು ಸೂರ್ಯ ಆರಕ್ಕೆ ಕಾಲು ಗಂಟೆ ಮೊದಲೇ ಹುಟ್ಟುತ್ತಾನೆ; ಅರುಣೋದಯವೂ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಆ ದಿನ ದಶಮಿ ಮುಗಿದದ್ದು ಸರಿಯಾಗಿ ಆ ಕಾಲು ಗಂಟೆಯೊಳಗೆ. ಪರೀಕ್ಷಿಸಿದ ಎರಡು ವರ್ಷಗಳಲ್ಲಿ ಯಾವ ತಿಥಿಯೂ ಅಲ್ಲಿಗೆ ಬಂದು ಬಿದ್ದಿರಲಿಲ್ಲ.

ಆಯಾ ದಿನದ ಸೂರ್ಯೋದಯವನ್ನು ಸೇರಿಸಿ ತಿದ್ದಿ ಕಿಟ್ಟಣ್ಣನವರ ಕೋಣೆಗೆ ಹೋದರು.

"ನಮ್ಮತ್ತೆಗೆ ಎಂಬತ್ತೆರಡು ವರ್ಷ" ಎಂದರು ಕಿಟ್ಟಣ್ಣ. "ಏಕಾದಶಿ ದಿನ ಅನ್ನ ತಿನ್ನಿಸಿದೆಯಲ್ಲೋ ಅಂತ ಅಳ್ತಾ ಕೂತಿದಾರೆ. ಏನ್ ಡಾ ಹೇಳಲಿ ಅವರಿಗೆ?"

"ತಪ್ಪು ಸಿಕ್ತು ಸಾರ್. ಸೂರ್ಯೋದಯ ಆರಕ್ಕೆ ಅಂತ ಇಟ್ಟಿದ್ದೆ. ಈಗ ಸರಿಯಾಗಿದೆ."

"ಆರಕ್ಕೆ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಲಿಲ್ಲ."

ಕಿಟ್ಟಣ್ಣ ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಹಾಲಿನ ಲೆಕ್ಕ ನಿನ್ನ ಕೈಗೆ ಕೊಟ್ರೆ ಇನ್ನೇನೇನು ಇಟ್ಟಿರ್ತೀಯೋ, ನಂಗೆ ಹೇಗೋ ಗೊತ್ತಾಗತ್ತೆ? ನಳಿಗೆ ಆದ್ರೆ ಕಣ್ಣಿಗೆ ಹಿಡಿದು ನೋಡ್ತಿದ್ದೆ. ಇದನ್ನ ಯಾರು ನೋಡೋದು?"

"ನಾನೇ ನೋಡ್ತೀನಿ ಸಾರ್."

"ನೋಡಿದ್ದೆಯಲ್ಲಪ್ಪಾ. ಎರಡು ವರ್ಷದ್ದು."

ಕಿಟ್ಟಣ್ಣ ಕೇಳಿದ್ದು ಅನ್ಯಾಯವೆಂದು ಮುರಳೀಧರರಿಗೆ ಅನ್ನಿಸಲಿಲ್ಲ.

ಅಕ್ಷಯಾ ಮಾತ್ರ ಒಪ್ಪಲಿಲ್ಲ. "ತಪ್ಪಿಲ್ಲದ ಪ್ರೋಗ್ರಾಂ ಯಾರ ಹತ್ರ ಇದೆ ಮಾಮಾ? ಹುಡುಕಿ ತಿದ್ದಿದ್ರಲ್ಲ, ಅದೇ ಕಲಿಯೋದು."

"ಕಲಿತೆನಮ್ಮ. ನಮ್ಮಮ್ಮನ ಪಾಲಿಗೆ ಅದು ತಿದ್ದಿದ ಹಾಗೆ ಆಗಲ್ಲ."

ಆಗಸ್ಟ್‌ನಲ್ಲಿ ದಿನೇಶ್‌ನ ಹೆಸರು ಬಂತು. ಮೈಸೂರಿನ ಕಡೆಯಿಂದ ಬಂದು ಎರಡು ವರ್ಷದ ಹಿಂದೆ ಪ್ರಯೋಗಾಲಯ ಸೇರಿದ್ದ ಹುಡುಗ. ಅವನು ಮಾಡಿ ತೋರಿಸಿದ್ದು ಚುಕ್ಕಿ ನುಂಗುತ್ತ ಉದ್ದವಾಗುವ ಹಾವಿನ ಆಟ. ಹಾವು ಕೆಲವೊಮ್ಮೆ ಗೋಡೆಯೊಳಕ್ಕೆ ನುಗ್ಗಿ ಮಾಯವಾಗುತ್ತಿತ್ತು. ನೋಡಿದವರು ನಕ್ಕು ಮತ್ತೆ ಆಡಿದರು. ಮುರಳೀಧರರು ಅವನ ಕೈ ಕುಲುಕಿ, ಹಾವು ಮಾಯವಾಗುವುದು ಯಾವ ಸಾಲಿನಿಂದ ಎಂದು ತೋರಿಸಿಕೊಟ್ಟು ಬಂದರು.

ನಿವೃತ್ತಿಯ ನಂತರ ಅಣ್ಣಾ ಸಾಲೈನ ನಾಲ್ಕಾರು ಕಚೇರಿಗಳಿಗೆ ಹೋದರು. ಎಲ್ಲ ಕಡೆಯೂ ವಯಸ್ಸು ಕೇಳಿದ ಮೇಲೆ ನೀರು ಕೊಟ್ಟು ಕಳಿಸಿದರು. ಪೆರಂಬೂರಿನ ಕೇಂದ್ರ ಮುಚ್ಚಿತು. ಅಕ್ಷಯಾ ಕೆಲಸ ಸಿಕ್ಕಿ ಬೆಸೆಂಟ್ ನಗರದ ಕಡೆಗೆ ಹೋದಳು. ಅವರು ಹತ್ತನೆಯ ತರಗತಿಯ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡಲು ಶುರುಮಾಡಿದರು. ಮಕ್ಕಳು ಬರುವುದು ಪರೀಕ್ಷೆಯ ಮುಂಚಿನ ಎರಡು ತಿಂಗಳು ಮಾತ್ರ.

ಪ್ರೋಗ್ರಾಂ ಮಾತ್ರ ಬಿಡಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಪ್ರತಿ ಪಕ್ಷವೂ ಅದರ ಸಾಲುಗಳನ್ನು ಹಳೆಯ ಕಾಗದದ ಹಿಂದೆ ತಾವೇ ಒಂದೊಂದಾಗಿ ನಡೆಸಿ ದಿನ ತೆಗೆಯುತ್ತಿದ್ದರು. ಅದು ಮತ್ತೆ ತಪ್ಪಲಿಲ್ಲ. ಒಂದು ಸಲ ಅವರು ಬಾಯಿ ತಪ್ಪಿ "ಅಮ್ಮಾ, ನಾಳಿದ್ದು ಏಕಾದಶಿ" ಎಂದರು. ಗೋದಾಬಾಯಿಯವರು ಹೂಂ ಎಂದು, ಕೈ ಒರೆಸಿಕೊಂಡು, ಮಠದ ಆಚಾರ್ಯರಿಗೆ ಫೋನ್ ಮಾಡಿದರು.

"ನಾಳಿದ್ದೇ ಅಂತೆ" ಎಂದು ಬಂದು ಹೇಳಿದರು, ಮಗನಿಗೆ ಹೊಸ ಸುದ್ದಿ ಹೇಳುವವರಂತೆ.